ತಳಕಲ್ಲಿನ ಮಚ್ಚು

ಮೂವತ್ತನಾಲ್ಕು ವರ್ಷಗಳ ಕಾಲ ನಾವು ಪಾಠಶಾಲೆಗಳಲ್ಲಿ ಸಂಸ್ಕೃತವನ್ನು ಬೋಧಿಸಿದೆವು. ಕಾರಕ ಪ್ರಕರಣವು ಬಂದಾಗಲೆಲ್ಲ, ಕ್ರಿಯೆಯು ಸಿದ್ಧಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಒದಗುವುದೇ ಕರಣವೆಂದು ಲಕ್ಷಣವನ್ನು ಹೇಳಿ, ಕೊಡಲಿಯಿಂದ ಕಡಿಯುವುದನ್ನೂ ಕುಡುಗೋಲಿನಿಂದ ಕೊಯ್ಯುವುದನ್ನೂ ಉದಾಹರಣೆಯಾಗಿ ಕೊಡುತ್ತಿದ್ದೆವು. ವೈಯಾಕರಣರು ಅನೂಚಾನವಾಗಿ ಕೊಟ್ಟುಬಂದ ಉದಾಹರಣೆಗಳಿವು. ಆದರೆ ಕೊಡಲಿಯ ಬಾಯಿ ಏಕೆ ಮಡಿಯುವುದು, ಮಚ್ಚಿನ ಹಿಡಿ ಏಕೆ ಕಳಚುವುದು ಎಂಬುದನ್ನು ನಾವು ಒಂದು ದಿನವಾದರೂ ವಿಚಾರಿಸಿದವರಲ್ಲ. ಅರುವತ್ತರ ಹೊಸ್ತಿಲಲ್ಲಿ ಆ ಪಾಠವನ್ನು ನಾವು ಕಲಿತದ್ದು ತಳಕಲ್ಲಿನಲ್ಲಿ. ಕಲಿಸಿದವರು ಅಲ್ಲಿಯ ಒಬ್ಬ ವೃದ್ಧ ಕಂಬಾರರು. ಹಿತ್ತಿಲು, ಹೊಲ, ತೋಟಗಳುಳ್ಳ ಗೃಹಸ್ಥರಿಗೆ ಈ ವೃತ್ತಾಂತವು ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇವೆ.

ತಳಕಲ್ಲು ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿಗೆ ಸೇರಿದ ಊರು. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು. ಗದಗದಿಂದ ಕೊಪ್ಪಳಕ್ಕೆ ಹೋಗುವ ದಾರಿಯ ನಡುವೆ ಇದು ಸಿಕ್ಕುವುದು. ಗದಗ–ವಾಡಿ ಹೊಸ ರೈಲುಮಾರ್ಗವು ಕವಲೊಡೆಯುವುದು ಇಲ್ಲಿಯೇ. ೨೦೨೫ನೆಯ ಇಸವಿಯ ಮೇ ತಿಂಗಳಿನಲ್ಲಿ ಆ ಮಾರ್ಗದ ಮೇಲೆ ಕುಷ್ಟಗಿಯವರೆಗೆ ರೈಲು ಓಡತೊಡಗಿತು. ಕಳೆದ ಬೇಸಿಗೆಯಲ್ಲಿ ನಾವು ಹುಬ್ಬಳ್ಳಿಯಿಂದ ಆ ರೈಲಿನಲ್ಲಿಯೇ ಬಂದು ತಳಕಲ್ಲಿನಲ್ಲಿ ಇಳಿದೆವು. ಗದಗವನ್ನು ದಾಟಿದ ಮೇಲೆ ಎರೆಯ ಭೂಮಿಯು ಕಣ್ಣು ಹರಿಯುವಷ್ಟು ದೂರ ಹಬ್ಬಿರುವುದು. ಆ ಕಾಲದಲ್ಲಿ ಅದು ಬಾಯಾರಿ ಸೀಳು ಸೀಳಾಗಿ ಬಿರಿದಿತ್ತು. ದೂರದ ದಿನ್ನೆಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಮೆಲ್ಲಗೆ ತಿರುಗುತ್ತಿದ್ದವು. ಆ ಸುಡುಬಿಸಿಲಿನಲ್ಲಿಯೂ ಹಚ್ಚಗೆ ನಿಂತಿದ್ದುದು ಒಂದೇ ಗಿಡ: ಬಳ್ಳಾರಿ ಜಾಲಿ.

ನಾವು ಅಲ್ಲಿಗೆ ಹೋದದ್ದೂ ಆ ಜಾಲಿಯ ನಿಮಿತ್ತವಾಗಿಯೇ. ನಮ್ಮ ತಂಗಿಯನ್ನು ಆ ಊರಿಗೆ ಕೊಟ್ಟಿದೆ. ಅವಳ ಯಜಮಾನರು ಬಹುಕಾಲ ಅಸ್ವಸ್ಥರಾಗಿದ್ದು ತೀರಿಕೊಂಡರು. ಆ ನಾಲ್ಕು ವರ್ಷ ಎರಡೂವರೆ ಎಕರೆಯ ಹೊಲವು ಬೀಳುಬಿದ್ದು, ಒಡ್ಡಿನ ಮೇಲೂ ಹಳ್ಳದ ದಂಡೆಗೂ ಜಾಲಿಯ ಕಂಟಿ ಆಳೆತ್ತರ ಬೆಳೆದು, ಒಳಕ್ಕೂ ನುಗ್ಗಿತ್ತು. ಹಿಂಗಾರಿಯ ಹೊತ್ತಿಗೆ ಬಿತ್ತದಿದ್ದರೆ ಹೊಲವನ್ನು ಮಾರಿಬಿಡುವುದೇ ಒಳಿತೆಂದು ಊರಿನ ಹಲವರು ಅವಳಿಗೆ ಬುದ್ಧಿ ಹೇಳುತ್ತಿದ್ದರು, ಕೊಳ್ಳುವವರೂ ಸಿದ್ಧರಾಗಿದ್ದರು. ಯಂತ್ರವನ್ನು ತರಿಸಿ ಕೀಳಿಸಬಹುದಾಗಿತ್ತು. ಆದರೆ ಗಂಟೆಯ ಬಾಡಿಗೆಯ ಮಾತು ಹಾಗಿರಲಿ, ಒಡ್ಡಿನ ಮೇಲೆ ಅವಳ ಮಾವನವರು ನೆಟ್ಟ ಬೇವೂ ಬನ್ನಿಯೂ ಜಾಲಿಯ ನಡುವೆಯೇ ಇದ್ದವು. ಯಂತ್ರದ ಬಾಯಿಗೆ ಬೇವು ಯಾವುದು, ಜಾಲಿ ಯಾವುದು ಎಂಬ ವಿವೇಕವಿರುವುದಿಲ್ಲ. ಆದುದರಿಂದ ಕೈಯಿಂದಲೇ ಕಡಿಯುವುದೆಂದು ನಿಶ್ಚಯವಾಯಿತು. ಸೋದರಳಿಯನು ಗಿಣಿಗೇರಿಯ ಕಡೆಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವನು. ಎಂಟು ದಿನದ ರಜೆ ಪಡೆದು ಬಂದಿದ್ದನು.

ನಾವು ಬರಿಗೈಯಲ್ಲಿ ಹೋಗಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಅಲಗು, ಕೆಂಪು ಪ್ಲಾಸ್ಟಿಕ್ಕಿನ ಹಿಡಿಯುಳ್ಳ ಮಚ್ಚೊಂದನ್ನು ಕೊಂಡು, ದೊಡ್ಡ ಉಪಕಾರವನ್ನು ಮಾಡಿದೆವೆಂಬ ಭಾವದಿಂದ ತಂಗಿಯ ಕೈಗೆ ಕೊಟ್ಟೆವು. ಮೊದಲನೆಯ ದಿನ ಹಸಿಯ ಕೊಂಬೆಗಳು ಸುಲಭವಾಗಿ ಬಿದ್ದವು. ಎರಡನೆಯ ದಿನ ಒಣಗಿದ ಬೊಡ್ಡೆಗಳಿಗೆ ಕೈ ಹಚ್ಚಿದಾಗ ಬಾಯಿ ಅಲ್ಲಲ್ಲಿ ಮಡಿಯಿತು. ಮಧ್ಯಾಹ್ನದ ಹೊತ್ತಿಗೆ ಅಳಿಯನು ಗಂಟೊಂದಕ್ಕೆ ಬಲವಾಗಿ ಹೊಡೆದನು. ಹಿಡಿ ಅವನ ಕೈಯಲ್ಲಿಯೇ ಉಳಿಯಿತು. ಅಲಗು ತಿರುಗುತ್ತ ಹಾರಿಹೋಗಿ, ಬುತ್ತಿಯನ್ನು ಹೊತ್ತು ತರುತ್ತಿದ್ದ ನಮ್ಮ ತಂಗಿಯ ಮುಂದೆ ಎರಡು ಮೊಳದ ಅಂತರದಲ್ಲಿ ಎರೆಯ ಮಣ್ಣಿಗೆ ನಾಟಿಕೊಂಡಿತು. ಅವಳು ಸ್ವಲ್ಪ ಹೊತ್ತು ನಿಂತಲ್ಲಿಯೇ ನಿಂತಳು. ಆಮೇಲೆ ಬುತ್ತಿಯನ್ನು ನೆರಳಿಗಿಳಿಸಿ, “ಅಣ್ಣಾ, ಕೈ ತೊಳಕೊಂಡು ಊಟಕ್ಕ ಬಾ” ಎಂದಳು. ಅದಕ್ಕಿಂತ ಹೆಚ್ಚಿನ ಮಾತು ಅವಳ ಬಾಯಿಂದ ಬರಲಿಲ್ಲ. ನಮಗಾದರೋ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಸಾಯಂಕಾಲ ಅಳಿಯನೊಡನೆ ಕಂಬಾರರ ಕುಲುಮೆಗೆ ಹೋದೆವು. ಬೇವಿನ ಮರದ ಕೆಳಗೆ ತಗಡಿನ ಮಾಡು; ಒಳಗೆ ಹಗಲಿನಲ್ಲಿಯೂ ಅರೆಗತ್ತಲೆ. ತಿದಿಯ ಬದಲು ವಿದ್ಯುತ್ತಿನ ಸಣ್ಣ ಗಾಳಿಯಂತ್ರವು ಕೆಂಡವನ್ನು ಊದುತ್ತಿತ್ತು. ಯಜಮಾನರು ಎಪ್ಪತ್ತನ್ನು ದಾಟಿದವರು. ನಾವು ಕೊಟ್ಟ ಅಲಗನ್ನು ಹೆಬ್ಬೆರಳ ಉಗುರಿನಿಂದ ಮೀಟಿ, ಕಿವಿಗೆ ಹಿಡಿದು ಕೇಳಿದರು. ಆಮೇಲೆ ಅದರ ಬಾಯಿಯ ಮೇಲೆ ಅರವನ್ನು ಒಂದು ಸಲ ಎಳೆದರು. ಅರವು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಹಿಡಿಯನ್ನು ಒಡೆದು ನೋಡಿದರೆ, ಅಲಗಿನಿಂದ ಹಿಡಿಯೊಳಗೆ ಹೋದ ಬಾಲವು ಎರಡು ಬೆರಳಿನಷ್ಟೂ ಉದ್ದವಿರಲಿಲ್ಲ.

“ಮಾಸ್ತರ್ರ, ಇದು ಮಚ್ಚಲ್ರೀ, ಮಚ್ಚಿನ ಚಿತ್ರ,” ಎಂದು ಅವರು ನಕ್ಕರು. “ಜನ ನೋಡೋದು ಹೊಳಪು. ಪೆಟ್ಟು ತಿನ್ನೋದು ಹಿಡಿಯೊಳಗಿನ ಬಾಲ. ಅದು ಯಾರಿಗೂ ಕಾಣಂಗಿಲ್ಲ.”

“ಹಾಗಾದರೆ ಯಜಮಾನರೇ, ಬಾಳುವ ಮಚ್ಚಿನ ಲಕ್ಷಣವೇನು?” ಎಂದು ಕೇಳಿದೆವು. ಅವರು ಮೂಲೆಯಲ್ಲಿ ಬಿದ್ದಿದ್ದ ಲಾರಿಯ ಕಮಾನು ಪಟ್ಟಿಯ ತುಂಡೊಂದನ್ನು ಎಳೆದು ನಮ್ಮ ಮುಂದೆ ಹಾಕಿದರು. “ಲಕ್ಷಣ ಇಲ್ಲಿಂದ ಸುರು ಆಗತೈತ್ರಿ,” ಎಂದರು.

ಇದರ ಮರ್ಮವನ್ನು ಅಳಿಯನು ತನ್ನ ಕಾರ್ಖಾನೆಯ ಜ್ಞಾನದಿಂದ ಬಿಡಿಸಿ ಹೇಳಿದನು. ಕಬ್ಬಿಣಕ್ಕೂ ಉಕ್ಕಿಗೂ ಭೇದವನ್ನುಂಟುಮಾಡುವುದು ಮುಖ್ಯವಾಗಿ ಇಂಗಾಲ. ಕಿಟಕಿಯ ಸರಳು, ಬಾಗಿಲ ಪಟ್ಟಿಗಳಿಗೆ ಬಳಸುವ ಮೆತ್ತನೆಯ ಉಕ್ಕಿನಲ್ಲಿ ನೂರಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಇಂಗಾಲವಿರುವುದಿಲ್ಲ. ಅದನ್ನು ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಕೊಯ್ಯುವ ಬಾಯಿಗೆ ಬೇಕಾದಷ್ಟು ಗಡಸಾಗದು. ಲಾರಿಯ ಕಮಾನಿನ ಉಕ್ಕಿನಲ್ಲಿ ನೂರಕ್ಕೆ ಅರ್ಧ ಭಾಗದಿಂದ ೦.೬ ಭಾಗದವರೆಗೆ ಇಂಗಾಲವಿರುವುದು. ಅದು ಗಡಸೂ ಆಗುವುದು, ಬಾಗಿ ಮತ್ತೆ ನೆಟ್ಟಗಾಗುವ ಗುಣವನ್ನೂ ಬಿಡದು. ತುಕ್ಕು ಹಿಡಿಯದ ಉಕ್ಕು ಅಡಿಗೆಯ ಚಾಕುವಿಗೆ ಚೆನ್ನು. ಪೆಟ್ಟು ತಿನ್ನುವ ಉದ್ದನೆಯ ಅಲಗಿಗೆ ಇಂಗಾಲದ ಉಕ್ಕೇ ಸಾಮಾನ್ಯವಾಗಿ ಲೇಸು.

ಮರುದಿನ ಬೆಳಗ್ಗೆ ನಮ್ಮೆದುರಿಗೇ ಮಚ್ಚು ತಯಾರಾಯಿತು. ಪಟ್ಟಿಯನ್ನು ಕಾಯಿಸಿ, ಒಬ್ಬರು ಇಕ್ಕಳದಲ್ಲಿ ಹಿಡಿದು ಮತ್ತೊಬ್ಬರು ಚಮ್ಮಟಿಗೆಯಿಂದ ಬಡಿದು ಆಕಾರಕ್ಕೆ ತಂದರು. ಬೆನ್ನು ಐದಾರು ಮಿಲಿಮೀಟರಿನಷ್ಟು ದಪ್ಪ, ಅಲಗು ಒಂದಡಿಗಿಂತ ತುಸು ಉದ್ದ, ತುದಿಯ ಕಡೆಗೆ ತುಸು ಭಾರ. ತುದಿಯಲ್ಲಿ ಗಿಳಿಯ ಕೊಕ್ಕಿನಂತೆ ಸಣ್ಣ ಬಾಗು. ಮುಳ್ಳಿನ ಕೊಂಬೆಯನ್ನು ಕೈಯಿಂದ ಮುಟ್ಟದೆ ಎಳೆದುಕೊಳ್ಳುವುದಕ್ಕೆ ಆ ಬಾಗು ಬೇಕೆಂದು ಅವರು ಹೇಳಿದರು. ಬಾಯಿಯನ್ನು ಕತ್ತಿಯಂತೆ ತೀರ ತೆಳುವಾಗಿ ಬಡಿಯಲಿಲ್ಲ. ಜೋಳದ ಕಾಳಿನ ಮೈಯಂತೆ ಎರಡು ಕಡೆಗೂ ತುಸು ಉಬ್ಬಾಗಿ ಬಿಟ್ಟರು. ತೆಳುವಾದ ಬಾಯಿ ಹುಲ್ಲಿಗೂ ಹಸಿ ಸೊಪ್ಪಿಗೂ ಸರಿ. ಒಣಗಟ್ಟಿಗೆಗೆ ಉಬ್ಬು ಬಾಯಿಯೇ ಬೇಕು. ಅದು ಕಟ್ಟಿಗೆಯನ್ನು ಸೀಳಿಕೊಂಡು ಹೋಗುವುದು, ಸಿಕ್ಕಿಕೊಳ್ಳುವುದಿಲ್ಲ.

ಕಟ್ಟಕಡೆಗೆ ಬಂದದ್ದು ನೀರು ಕುಡಿಸುವ ಸಂಸ್ಕಾರ. ಕುಲುಮೆಯ ಕತ್ತಲೆಯ ಪ್ರಯೋಜನವು ಆಗ ತಿಳಿಯಿತು. ಬಿಸಿಲಿನಲ್ಲಿ ಕಾದ ಉಕ್ಕಿನ ಬಣ್ಣವು ಕಣ್ಣಿಗೆ ನಿಜವಾಗಿ ತೋರುವುದಿಲ್ಲ. ಅಲಗು ದಾಸವಾಳದ ಕೆಂಪನ್ನು ತಾಳಿದೊಡನೆ ಯಜಮಾನರು ಒಂದು ಅಯಸ್ಕಾಂತವನ್ನು ಅದರ ಬಳಿಗೆ ಹಿಡಿದರು, ಅದು ಅಂಟಲಿಲ್ಲ. ೭೭೦ ಡಿಗ್ರಿಯ ಸುಮಾರಿಗೆ ಕಬ್ಬಿಣವು ಅಯಸ್ಕಾಂತದ ಆಕರ್ಷಣೆಯನ್ನು ಕಳೆದುಕೊಳ್ಳುವುದೆಂದು ಅಳಿಯನು ಪಿಸುಗುಟ್ಟಿದನು. ಅವರು ಇನ್ನು ತುಸುವೇ ಕಾಯಿಸಿ, ಬಾಯಿಯ ಕಡೆಯನ್ನು ಮಾತ್ರ ಎರಡು ಬೆರಳು ಆಳಕ್ಕೆ ಹಳೆಯ ಎಣ್ಣೆಯಲ್ಲಿ ಅದ್ದಿದರು. ಈ ಜಾತಿಯ ಉಕ್ಕಿಗೆ ನೀರು ಕ್ರೂರವಾಗುವುದು, ಬಿರುಕು ಬಿಡಬಹುದು; ಎಣ್ಣೆಯು ಮೆಲ್ಲಗೆ ತಣಿಸುವುದು.

ನಾವು ಸುಮ್ಮನಿರಲಾರದೆ ವರಾಹಮಿಹಿರನ ಬೃಹತ್ಸಂಹಿತೆಯ ವಿಷಯವನ್ನು ತೆಗೆದೆವು. ಅದರ ಖಡ್ಗಲಕ್ಷಣಾಧ್ಯಾಯದಲ್ಲಿ ಐವತ್ತು ಅಂಗುಲದ ಖಡ್ಗವು ಉತ್ತಮವೆಂದೂ ಇಪ್ಪತ್ತೈದು ಅಂಗುಲದ್ದು ಕಡಮೆಯದೆಂದೂ ಅಳತೆಯಿದೆ. ಆಯುಧಕ್ಕೆ ಯಾವ ಯಾವ ದ್ರವಗಳನ್ನು ಕುಡಿಸಿದರೆ ಯಾವ ಫಲವೆಂಬುದನ್ನೂ ಹೇಳಿದೆ. ಬಾಳೆಯ ಬೂದಿಯ ಕ್ಷಾರವನ್ನು ಮಜ್ಜಿಗೆಯಲ್ಲಿ ಕಲಸಿ, ಒಂದು ದಿನ ಇಟ್ಟು, ಅದನ್ನು ಕುಡಿಸಿ ಚೆನ್ನಾಗಿ ಮಸೆದ ಉಕ್ಕು ಕಲ್ಲಿನ ಮೇಲೆ ಹೊಡೆದರೂ ಮುರಿಯದು, ಬೇರೆ ಲೋಹದ ಮೇಲೂ ಮೊಂಡಾಗದು ಎಂಬುದು ಅಲ್ಲಿಯ ಒಂದು ವಿಧಾನ. ಯಜಮಾನರು ಕೆಲಸವನ್ನು ನಿಲ್ಲಿಸದೆಯೇ ಕೇಳಿದರು. “ಮಜ್ಜಿಗಿ ಮಾತು ನಮ್ಮಜ್ಜನೂ ಹೇಳ್ತಿದ್ದ. ಆದ್ರ ಕುಡಿಸೋದು ಅರ್ಧಾ ಕೆಲಸ್ರಿ. ಬರೇ ಗಟ್ಟಿ ಮಾಡಿದ್ರ ಗಾಜಿನ್ಹಂಗ ಸಿಡೀತೈತಿ. ಬರೇ ಮೆತ್ತಗ ಬಿಟ್ರ ತಗಡಿನ್ಹಂಗ ಮಡಚತೈತಿ. ನಡುವಿಂದು ಬೇಕ್ರಿ.”

ಆ ನಡುವಿನದನ್ನು ಸಾಧಿಸುವ ರೀತಿ ಹೀಗೆ. ತಣಿದ ಅಲಗಿನ ಮೈಯನ್ನು ಇಟ್ಟಂಗಿಯ ಚೂರಿನಿಂದ ಉಜ್ಜಿ ಬೆಳಗಿಸಿ, ಬೆನ್ನನ್ನು ಕಾದ ಕಬ್ಬಿಣದ ಮೇಲಿಟ್ಟರು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣಗಳು ಹರಿಯತೊಡಗಿದವು: ಮೊದಲು ಜೋಳದ ದಂಟಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಅದರ ಹಿಂದೆ ನೀಲಿ. ಇವು ಸುಮಾರು ೨೨೦ ಡಿಗ್ರಿಯಿಂದ ೩೦೦ ಡಿಗ್ರಿಯವರೆಗಿನ ಶಾಖದ ಗುರುತುಗಳು. ಬಾಯಿಯಂಚಿಗೆ ನೇರಳೆ ಬಂದು ನೀಲಿಯು ಇಣಿಕುವ ಕ್ಷಣದಲ್ಲಿ ಅಲಗನ್ನು ತೆಗೆದು ಮತ್ತೆ ಅದ್ದಿದರು. ಕ್ಷೌರದ ಕತ್ತಿಗಾದರೆ ಹಳದಿಗೇ ನಿಲ್ಲಿಸಬೇಕು. ಪೆಟ್ಟು ಹಾಕುವ ಮಚ್ಚಿಗೆ ಅಷ್ಟು ಗಡಸು ಸಲ್ಲದು. “ಮಣದ್ರ ತಿದ್ದಬಹುದ್ರಿ, ಮಾಸ್ತರ್ರ. ಮುರದು ಹಾರಿದ್ರ, ಯಾರ ಕಾಲು ತಿದ್ದೋರು ಯಾರು?” ಎಂದು ಅವರು ಕೇಳಿದಾಗ ಹಿಂದಿನ ದಿನದ ಎರಡು ಮೊಳದ ಅಂತರವು ನಮ್ಮ ಕಣ್ಣಿಗೆ ಕಟ್ಟಿತು.

ಈ ವಿದ್ಯೆ ಆ ಸೀಮೆಗೆ ಹೊಸದಲ್ಲ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಜನರು ನಿಲ್ಲಿಸಿದ ಶಿಲಾಸಮಾಧಿಗಳು ನೂರಾರು ಇವೆ. ತಳಕಲ್ಲಿಗೆ ದೂರವಲ್ಲದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ನೆಯ ಇಸವಿಯಲ್ಲಿ ಕಟ್ಟಿಸಿದ, ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ಯೆಂದು ಹೆಸರಾದ ಮಹಾದೇವಾಲಯವಿದೆ. ಅಲ್ಲಿಯ ಕಂಬಗಳ ನುಣುಪನ್ನು ನೋಡಿ ಶಿಲ್ಪಿಯನ್ನು ಹೊಗಳದವರಿಲ್ಲ. ದಿನದಿನವೂ ಆ ಶಿಲ್ಪಿಗಳ ಉಳಿಗಳಿಗೆ ಹದ ಕೊಟ್ಟ ಕಂಬಾರರನ್ನು ನೆನೆಯುವವರು ವಿರಳ. ಮೂಸೆಯಲ್ಲಿ ಕರಗಿಸಿದ ದಕ್ಷಿಣದೇಶದ ಉಕ್ಕು ‘ವೂಟ್ಸ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿತ್ತು. ಆ ಶಬ್ದವು ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದಿತೆಂದು ವಿದ್ವಾಂಸರು ಊಹಿಸುವರು. ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಸಾಹೇಬರು ಇಲ್ಲಿಯ ಕಬ್ಬಿಣದ ಒಲೆಗಳನ್ನು ವರ್ಣಿಸಿದರು. ಮೈಕೇಲ್ ಫ್ಯಾರಡೆಯೂ ತನ್ನ ತಾರುಣ್ಯದಲ್ಲಿ ಈ ಉಕ್ಕನ್ನು ಪರೀಕ್ಷಿಸಿದನು.

ಜಾಲಿಯಾದರೋ ಹೊರಗಿನಿಂದ ಬಂದ ಅತಿಥಿ. ಅದರ ತವರು ಅಮೆರಿಕ ಖಂಡದ ಉಷ್ಣದೇಶಗಳು. ೧೮೭೭ನೆಯ ಇಸವಿಯ ಸುಮಾರಿನಲ್ಲಿ ಅದರ ಬೀಜವನ್ನು ಜಮೈಕದಿಂದ ತರಿಸಿ ನಮ್ಮ ದೇಶದಲ್ಲಿ ಬಿತ್ತಿದರು. ಸೌದೆಗೂ ಬರಡುನೆಲಕ್ಕೆ ಹಸುರಿಗೂ ಆದೀತೆಂಬುದು ಉದ್ದೇಶ. ಆಡುಕುರಿಗಳು ಅದರ ಕಾಯನ್ನು ಮೆಲ್ಲುವವು. ಬೀಜವು ಹಿಕ್ಕೆಯೊಡನೆ ಹೊಲಹೊಲಕ್ಕೆ ಹರಡುವುದು. ವಿಚಿತ್ರವೇನೆಂದರೆ, ಲೋಕದಲ್ಲಿ ಮಚ್ಚನ್ನು ಅತಿ ಹೆಚ್ಚಾಗಿ ಬಳಸುವ ದೇಶಗಳಲ್ಲಿ ಅಮೆರಿಕದ ಆ ಉಷ್ಣದೇಶಗಳೂ ಸೇರಿವೆ. ಅಲ್ಲಿಯ ಕಬ್ಬಿನ ಗದ್ದೆಗಳಿಗೂ ತೋಟಗಳಿಗೂ ಕನೆಕ್ಟಿಕಟ್ಟಿನ ಕಾಲಿನ್ಸ್ ಎಂಬ ಕಂಪನಿಯವರು ೧೮೨೬ರಲ್ಲಿ ಕೊಡಲಿಯ ಕೆಲಸದಿಂದ ಆರಂಭಿಸಿ ೧೯೬೬ರಲ್ಲಿ ಮುಚ್ಚುವವರೆಗೆ ಅಸಂಖ್ಯ ಮಚ್ಚುಗಳನ್ನು ಕಳುಹಿಸಿದರು. ಆದರೆ ಆ ಮಾದರಿಯ ಮಚ್ಚು ಎರಡು ಮಿಲಿಮೀಟರಿನ ಆಸುಪಾಸಿನ ತೆಳ್ಳನೆಯ, ಉದ್ದನೆಯ ಅಲಗಿನದು. ಹಸಿಯ ಕಬ್ಬು ಮತ್ತು ಬಳ್ಳಿಗಳನ್ನು ಬೀಸಿ ಕೊಯ್ಯುವುದಕ್ಕೆ ತಕ್ಕುದು. ನಮ್ಮ ಬೆಳಗಾವಿಯ ಕಡೆ ಕಬ್ಬು ಕಡಿಯುವವರ ಕೊಯ್ತಾ, ಮಲೆನಾಡಿನವರ ಕತ್ತಿ, ಮೈಸೂರಿನವರ ಮಚ್ಚು ಇವೆಲ್ಲ ಬೇರೆ ಬೇರೆ ರೂಪಗಳಾಗಿರುವುದಕ್ಕೂ ಇದೇ ಕಾರಣ: ಕಡಿಯಬೇಕಾದ ವಸ್ತುವೇ ಆಯುಧದ ರೂಪವನ್ನು ನಿರ್ಣಯಿಸುವುದು. ನಾವು ಪೇಟೆಯಲ್ಲಿ ಅಂಗಡಿಯವನನ್ನು ‘ಒಳ್ಳೆಯ ಮಚ್ಚು ಯಾವುದು?’ ಎಂದು ಕೇಳಿದ್ದೆವು; ‘ಒಣಜಾಲಿಗೆ ಯಾವುದು?’ ಎಂದು ಕೇಳಿರಲಿಲ್ಲ. ಮೊದಲನೆಯ ತಪ್ಪು ನಮ್ಮದೇ ಆಗಿತ್ತು.

ಹಿಡಿಯ ಕೆಲಸವನ್ನು ಯಜಮಾನರು ಅಲಗಿನಷ್ಟೇ ಶ್ರದ್ಧೆಯಿಂದ ಮಾಡಿದರು. ಬಾಲವನ್ನು ಹಿಡಿಯ ಕೊನೆಯವರೆಗೂ ಬಿಟ್ಟು, ಎರಡು ಕಡೆಗೆ ಮರದ ಹಲಗೆಗಳನ್ನಿಟ್ಟು ಮೂರು ರಿವೆಟ್ಟುಗಳಿಂದ ಬಿಗಿದರು. ದಿಂಡಿಗದ ಮರ ಸಿಕ್ಕರೆ ಅತ್ಯುತ್ತಮ. ಗಾಡಿಯ ಅಚ್ಚಿಗೆ ಹೆಸರಾದ ಆ ಮರವು ಪೆಟ್ಟನ್ನು ನುಂಗಿಕೊಳ್ಳುವುದು. ಅದು ಸಿಕ್ಕದುದರಿಂದ ಎರಡು ವರ್ಷ ಒಣಗಿದ ಕರಿಜಾಲಿಯನ್ನು ಹಾಕಿದರು. ಬೆವರಿದ ಕೈಯಿಂದ ಜಾರದಿರಲೆಂದು ಹಿಡಿಯ ಕೊನೆಯನ್ನು ತುಸು ದಪ್ಪವಾಗಿ, ಕೆಳಕ್ಕೆ ಬಾಗಿಸಿ ಬಿಟ್ಟರು. ಬೆಲೆಯು ಪೇಟೆಯ ಮಚ್ಚಿನ ಎರಡರಷ್ಟಾಯಿತು.

ಕೊಳ್ಳುವವರು ಮಾಡಬೇಕಾದ ಪರೀಕ್ಷೆಗಳನ್ನೂ ಅವರು ನಮಗೆ ಕಲಿಸಿದರು. ಅಲಗನ್ನು ಮೀಟಿದರೆ ಸ್ಪಷ್ಟವಾದ ನಾದ ಬರಬೇಕು. ಒಡಕು ದನಿ ಬಂದರೆ ಒಳಗೆ ಬಿರುಕಿರಬಹುದು. ಅರವು ಬೆನ್ನಿನ ಮೇಲೆ ಕಚ್ಚುವಷ್ಟು ಸುಲಭವಾಗಿ ಬಾಯಿಯ ಮೇಲೆ ಕಚ್ಚಬಾರದು. ಬಾಲವು ಹಿಡಿಯ ಕೊನೆಯವರೆಗೆ ಇದೆಯೇ ಎಂಬುದನ್ನು ಕಣ್ಣಿಂದ ನೋಡದೆ ಕೊಳ್ಳಬಾರದು. ಒಣಗಂಟಿಗೆ ಹತ್ತು ಪೆಟ್ಟು ಹಾಕಿ, ಬಾಯಿಯನ್ನು ಬಿಸಿಲಿಗೆ ಎದುರಾಗಿ ಹಿಡಿದು ನೋಡಬೇಕು. ಅಂಚಿನಲ್ಲಿ ಬೆಳಕಿನ ಚುಕ್ಕೆ ಮಿನುಗಿದರೆ ಅಲ್ಲಿ ಮಡಿದಿದೆ ಅಥವಾ ಹಲ್ಲು ಬಿದ್ದಿದೆ ಎಂದರ್ಥ. ಮಸೆಯುವುದು ಕಲ್ಲಿನ ಮೇಲೆ, ನೀರು ಹಾಕಿಕೊಂಡು. ವೇಗದಿಂದ ತಿರುಗುವ ಸಾಣೆಯ ಮೇಲೆ ಕಿಡಿ ಹಾರಿಸಿ ಬಾಯಿಯನ್ನು ನೀಲಿಗಟ್ಟಿಸಿದರೆ ಕೊಟ್ಟ ಹದವೆಲ್ಲ ಇಳಿದುಹೋಗುವುದು. ಕೆಲಸವಾದ ಮೇಲೆ ಒರಸಿ ಎಣ್ಣೆ ಸವರಿ, ಮಕ್ಕಳ ಕೈಗೆ ಸಿಕ್ಕದಷ್ಟು ಎತ್ತರದಲ್ಲಿ ಇಡತಕ್ಕದ್ದು.

ಹೊರಡುವಾಗ ಅವರು ಒಂದು ಮಾತನ್ನು ಹೇಳಿದರು. “ಮಚ್ಚು ಚಲೋ ಐತಿ ಅಂತ ಜಾಲಿ ಹೋಗಂಗಿಲ್ರಿ. ಮ್ಯಾಲ ಕಡದ್ರ ಒಂದಿದ್ದದ್ದು ಹತ್ತಾಗತೈತಿ. ಗೇಣು ಮಣ್ಣು ತೆಗದು ಬುಡ ಕೀಳ್ರಿ.” ಇದು ಅಕ್ಷರಶಃ ಸತ್ಯ. ನೆಲದ ಮಟ್ಟಕ್ಕೆ ಕಡಿದ ಜಾಲಿಯು ಬೊಡ್ಡೆಯಿಂದ ಅನೇಕ ಚಿಗುರುಗಳನ್ನು ಒಡೆಯುವುದು. ಚಿಗುರುವ ಕಣ್ಣುಗಳಿರುವ ಬೇರಿನ ಮೇಲ್ಭಾಗವನ್ನು ಮಣ್ಣಿನೊಳಗಿನಿಂದ ತೆಗೆದರೆ ಮಾತ್ರ ಅದು ಸಾಯುವುದು. ಆದುದರಿಂದ ಮಚ್ಚಿನ ಜೊತೆಗೆ ಹಾರೆಗುದ್ದಲಿಗಳೂ ಹೊಲಕ್ಕೆ ಬಂದವು. ಅಳಿಯನು ಕವೆಗೋಲಿನಿಂದ ಕೊಂಬೆಯನ್ನು ಅದುಮಿ ಹಿಡಿದು ಕಡಿಯುವನು. ಆಳುಗಳಿಬ್ಬರು ಬುಡವನ್ನು ಅಗೆಯುವರು. ನಾವು ಮುಳ್ಳಿನ ಹೊರೆಯನ್ನು ಬದುವಿಗೆ ಎಳೆಯುವೆವು. ಐದು ದಿನಗಳಲ್ಲಿ ಮಚ್ಚಿನ ಬಾಯಿ ಒಂದು ಕಡೆಯೂ ಮಡಿಯಲಿಲ್ಲ. ಆರನೆಯ ದಿನ ಕಟ್ಟಿಗೆಯೊಳಗೆ ಅಡಗಿದ್ದ ಹಳೆಯ ಬೇಲಿಯ ತಂತಿಗೆ ತಗುಲಿ ಒಂದು ಹಲ್ಲು ಬಿದ್ದಿತು. ಯಜಮಾನರು ಅರ್ಧ ಗಳಿಗೆಯಲ್ಲಿ ಅದನ್ನು ಮಸೆದು ಸರಿಮಾಡಿ ಕೊಟ್ಟರು, ಕೂಲಿಯನ್ನು ಮುಟ್ಟಲಿಲ್ಲ. “ನಾ ಮಾಡಿದ್ದು, ನಾ ನೋಡಬೇಕಲ್ರಿ,” ಎಂದರು. ಬಾಳಿಕೆಯೆಂಬುದರ ಅರ್ಧಭಾಗವು ಉಕ್ಕಿನಲ್ಲಿಯೂ ಉಳಿದರ್ಧವು ಈ ಮಾತಿನಲ್ಲಿಯೂ ಇದೆಯೆಂದು ನಮಗೆ ತೋರಿತು. ಪೇಟೆಯ ಮಚ್ಚನ್ನು ಯಾರು ಮಾಡಿದರೆಂಬುದು ನಮಗೆ ತಿಳಿಯದು. ಅದು ಯಾರ ಕಾಲಿನ ಮುಂದೆ ಬಿದ್ದಿತೆಂಬುದು ಮಾಡಿದವರಿಗೂ ತಿಳಿಯದು.

ಆ ಪೇಟೆಯ ಅಲಗನ್ನು ಯಜಮಾನರು ಎಸೆಯಲಿಲ್ಲ. ನಾವು ಊರಿಗೆ ಹೊರಡುವ ದಿನ ಅದನ್ನು ಎರಡಾಗಿ ಕತ್ತರಿಸಿ, ಕಾಯಿಸಿ ಬಾಗಿಸಿ, ತಂಗಿಯ ಹಿತ್ತಿಲ ಬಾಗಿಲಿಗೆ ಒಂದು ಚಿಲಕವನ್ನು ಮಾಡಿಕೊಟ್ಟರು. “ಚಿಲಕಕ್ಕ ಮೆತ್ತನ ಕಬ್ಬಿಣ ಸಾಕ್ರಿ,” ಎಂದರು.

ಹಿಂಗಾರಿಯ ಹೊತ್ತಿಗೆ ಹೊಲದ ಮುಕ್ಕಾಲು ಭಾಗ ಹಸನಾಗಿ, ಜೋಳ ಬಿತ್ತಿದ್ದಾಗಿದೆ. ಹಳ್ಳದ ದಂಡೆಯ ಕಂಟಿ ಇನ್ನೂ ಉಳಿದಿದೆ. ಅಳಿಯನು ರಜೆಯ ದಿನಗಳಲ್ಲಿ ಬಂದು ಕಡಿಯುತ್ತಾನೆ. ಕೊಳ್ಳಲು ಬಂದವರಿಗೆ, ಹೊಲ ಮಾರುವುದಿಲ್ಲವೆಂದು ತಂಗಿಯು ತಾನಾಗಿಯೇ ಹೇಳಿ ಕಳುಹಿಸಿದಳಂತೆ. ಮೊನ್ನೆ ಫೋನಿನಲ್ಲಿ ಮಾತನಾಡುವಾಗ, “ಅಣ್ಣಾ, ಮುಂದಿನ ಸಲ ಬರೂವಾಗ ಪ್ಯಾಟಿಯಿಂದ ಏನೂ ತರಬ್ಯಾಡ, ಸುಮ್ನ ಬಾ” ಎಂದಳು. ನಾವು ಹಾಗೆಯೇ ಮಾಡುವವರಿದ್ದೇವೆ.